ಕಾಕಾನ ಟ್ರಂಕಿನ ಲೆನ್ಸು ನಿಕಾನ್‌ಗೆ ಹಾಕಿದರೆ ಐದೂವರೆ ಅಡಿ ಆಚೆ ಎಲ್ಲ ಮಂಜು. ಲೆನ್ಸು ಕೆಟ್ಟಿದೆಯಾ?

ಬೆಟಗೇರಿ_ಮಗ್ಗ:

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವನು. ಮನೆಯಲ್ಲಿ ಮಗ್ಗ ಇದೆ, ನನ್ನ ನೌಕರಿ ಮಾತ್ರ ಬ್ಯಾಂಕಿನ ಕೌಂಟರಿನಲ್ಲಿ. ಫೋಟೊ ತೆಗೆಯುವುದು ರವಿವಾರದ ಹುಚ್ಚು.

ನಮ್ಮ ಕಾಕಾ ಬೆಟಗೇರಿಯಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದರು. ಮದುವೆ, ಜಾವಳ, ಪಾಸ್‌ಪೋರ್ಟ್ ಫೋಟೊ, ಇಷ್ಟೇ. ಡಿಜಿಟಲ್ ಬಂದ ಮೇಲೆ ಅಂಗಡಿ ಮುಚ್ಚಿ ಸಾಮಾನೆಲ್ಲ ಕಬ್ಬಿಣದ ಟ್ರಂಕಿಗೆ ತುಂಬಿ ಅಟ್ಟಕ್ಕೆ ಏರಿಸಿದರು. ಅವರು ತೀರಿಕೊಂಡು ಮೂರು ವರ್ಷ ಆಯಿತು. ಹೋದ ತಿಂಗಳು ಕಾಕು ಕರೆದು, "ಇದನ್ನ ನೀನ ಒಯ್ಯಪಾ, ಇಲ್ಲಾಂದ್ರ ಗುಜರಿಯವನಿಗೆ ಹಾಕಿಬಿಡ್ತೀನಿ" ಅಂದರು. ಎರಡನೇ ಮಾತು ಮುಗಿಯುವ ಮೊದಲೇ ಟ್ರಂಕು ನನ್ನ ಗಾಡಿ ಮೇಲಿತ್ತು.

ಒಳಗೆ ಒಂದು ಜೆನಿಟ್ ಕ್ಯಾಮೆರಾ, ಅದರ ಮೇಲೆ ಹೆಲಿಯೋಸ್ 44-2 ಲೆನ್ಸು (58 ಎಂ.ಎಂ., ಎಫ್ 2; ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ಅದೇ ತಿರುಪಿನದು ಇನ್ನೊಂದು, ಜುಪಿಟರ್-37ಎ, 135 ಎಂ.ಎಂ. ಒಂದು ಪೆಂಟಾಕ್ಸ್ ಕೆ1000, ಅದರ ಜೊತೆ ಪೆಂಟಾಕ್ಸ್-ಎಂ 50 ಎಫ್ 2. ಬಾಡಿ ಇಲ್ಲದ ಒಂಟಿ ನಿಕ್ಕೊರ್ 50 ಎಫ್ 1.8. ಮತ್ತೊಂದು ಯಾಶಿಕಾ ಎಲೆಕ್ಟ್ರೋ 35. ಎಲ್ಲದರ ಜೊತೆ ಅರ್ಧ ಕಿಲೋ ಧೂಳು.

ನನ್ನ ಹತ್ತಿರ ನಿಕಾನ್ ಡಿ5600 ಇದೆ. ಆನ್‌ಲೈನ್‌ನಲ್ಲಿ ನಾನೂರೈವತ್ತು ರೂಪಾಯಿಗೆ ಎಂ42ರಿಂದ (ಜೆನಿಟ್ ಲೆನ್ಸಿನ ಆ ತಿರುಪಿನ ಹೆಸರು) ನಿಕಾನ್‌ಗೆ ಒಂದು ರಿಂಗು ತರಿಸಿದೆ. ಹೆಲಿಯೋಸ್ ತಿರುಗಿಸಿ ಕೂರಿಸಿದೆ. ಎಂ ಮೋಡಿನಲ್ಲಿ ಮಾತ್ರ ಕ್ಲಿಕ್ ಆಗುತ್ತದೆ, ಬೆಳಕು ನಾನೇ ಅಂದಾಜು ಮಾಡಬೇಕು. ಅದು ಸರಿ, ಕಲಿಯುತ್ತೇನೆ. ಮಗ್ಗದ ಮೇಲಿನ ನೂಲು ಎಷ್ಟು ಚಂದ ಬಂತು ಅಂದರೆ, ಎಳೆ ಎಳೆ ಎಣಿಸಬಹುದು. ಆದರೆ ಅಂಗಳಕ್ಕೆ ಬಂದು ತುಳಸಿಕಟ್ಟೆಗೆ ಹಿಡಿದರೆ ಮಂಜು. ಡಂಬಳದ ಕಡೆ ಹೋಗಿ ಕಪ್ಪತಗುಡ್ಡದ ಗಾಳಿಯಂತ್ರಗಳಿಗೆ ಹಿಡಿದೆ. ಗಾಳಿಯಂತ್ರ ಅಲ್ಲ, ಗುಡ್ಡವೇ ಕಾಣಲಿಲ್ಲ. ಹಾಲಿನಲ್ಲಿ ಅದ್ದಿದ ಹಾಗೆ.

ಟೇಪು ಹಿಡಿದು ಅಳೆದೆ. ಲೆನ್ಸಿನ ಫೋಕಸ್ ರಿಂಗನ್ನು ಇನ್ಫಿನಿಟಿ (ಅತಿ ದೂರ) ಗುರುತಿಗೆ, ಅದೇ ಮಲಗಿದ ಎಂಟಕ್ಕೆ ತಂದಾಗ ಐದೂವರೆ ಅಡಿ ದೂರದ್ದು ಶಾರ್ಪ್. ಅದರಾಚೆ ಏನೂ ಇಲ್ಲ. ಇಲ್ಲಿ ಒಬ್ಬರು ನೋಡಿ "ಒಳಗೆ ಗ್ಲಾಸು ಸರಿದಿದೆ, ಬಿಚ್ಚಬೇಕು" ಅಂದರು. ಬಿಚ್ಚಲು ಕೊಡಲು ಮನಸ್ಸಿಲ್ಲ.

ಇನ್ನೊಂದು ಮಾತು. ಗೆಳೆಯನೊಬ್ಬ ಒಂದು ವಾರಕ್ಕೆ ಸೋನಿ ಎ6000 ಕೊಡುತ್ತೇನೆ ಅಂದಿದ್ದಾನೆ. ಅದರಲ್ಲಿ ಈ ಲೆನ್ಸುಗಳನ್ನೆಲ್ಲ ಹಾಕಿ, ಹೋಲಿಸಿ, ಯಾವುದು ಇಟ್ಟುಕೊಳ್ಳಬೇಕು ಅಂತ ನೋಡುವ ಆಸೆ. ಹೇಗೆ ಹೋಲಿಸುವುದು? ಗೊತ್ತಿದ್ದವರು ಹೇಳಿರಿ.

ಕೊಪ್ಪೀಕರ್‌ರೋಡ್_ಕ್ಲಿಕ್:

ತಮ್ಮಾ, ಬೇಜಾರು ಮಾಡಿಕೊಳ್ಳಬೇಡ. ಮದುವೆ ಫೋಟೊ ತೆಗೆದು ಹೊಟ್ಟೆ ಹೊರೆಯುವವನ ಮಾತು ಇದು. ಒಂದು ಎಎಫ್-ಎಸ್ 50 ಎಫ್ 1.8 ತಗೋ, ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ನಿನ್ನ ಡಿ5600 ಒಳಗೆ ಫೋಕಸ್ ಮೋಟಾರು ಇಲ್ಲ, ಅದಕ್ಕೇ ಎಎಫ್-ಎಸ್, ಅಂದರೆ ಲೆನ್ಸಿನಲ್ಲೇ ಮೋಟಾರು ಇರುವುದು, ಅಂತ ನೋಡಿಯೇ ತಗೋ. ಬರೀ ಎಎಫ್-ಡಿ ತಂದರೆ ಅದನ್ನೂ ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಹಳೇ ಲೆನ್ಸು ಷೋಕೇಸಿನಲ್ಲಿ ಇಡು, ಚಂದ ಕಾಣುತ್ತದೆ. ಅಕ್ಷತೆ ಬೀಳುವಾಗ ಫೋಕಸ್ ತಿರುಗಿಸುತ್ತಾ ನಿಂತರೆ ಮದುಮಗಳ ಅಪ್ಪ ನನಗೇ ಅಕ್ಷತೆ ಹಾಕುತ್ತಾನೆ.

ಹಳೇಹುಬ್ಬಳ್ಳಿ_ಸ್ಕ್ರೂ:

ಬೆಟಗೇರಿಯವರೇ, ಲೆನ್ಸು ಬಿಚ್ಚಬೇಡಿ. ನಿಮ್ಮ ಕಾಕಾನ ಲೆನ್ಸಿಗೆ ಏನೂ ಆಗಿಲ್ಲ. ನಾನು ಮೂವತ್ತು ವರ್ಷ ಕ್ಯಾಮೆರಾ ರಿಪೇರಿ ಮಾಡಿದವನು. ಈಗ ಮೊಬೈಲಿಗೆ ಗ್ಲಾಸ್ ಅಂಟಿಸುತ್ತೇನೆ, ಆ ಮಾತು ಬೇರೆ.

ಸಣ್ಣವರಿದ್ದಾಗ ಭೂತಗನ್ನಡಿಯಿಂದ ಹಾಳೆ ಸುಟ್ಟಿದ್ದೀರಲ್ಲ? ಬಿಸಿಲಿನ ಚುಕ್ಕಿ ಹಾಳೆ ಮೇಲೆ ಸಾಸಿವೆಯಷ್ಟು ಆಗಬೇಕಾದರೆ ಕನ್ನಡಿ ಇಂತಿಷ್ಟೇ ಎತ್ತರದಲ್ಲಿ ಇರಬೇಕು. ಸ್ವಲ್ಪ ಮೇಲೆ ಎತ್ತಿದರೆ ಚುಕ್ಕಿ ಹರಡುತ್ತದೆ, ಹಾಳೆ ಸುಡುವುದಿಲ್ಲ. ಸೂರ್ಯ ಅಂದರೆ ಇನ್ಫಿನಿಟಿ. ಹಾಳೆ ಅಂದರೆ ನಿಮ್ಮ ಸೆನ್ಸರು. ಕ್ಯಾಮೆರಾದಲ್ಲೂ ಅದೇ ಲೆಕ್ಕ. ಲೆನ್ಸಿನ ಹಿಂಬದಿ ಕೂರುವ ಬಳೆಯಿಂದ ಫಿಲ್ಮಿನವರೆಗೆ ಒಂದೊಂದು ಕಂಪನಿ ಒಂದೊಂದು ಅಂತರ ಇಟ್ಟಿದೆ. ಎಂ42 ತಿರುಪಿಗೆ 45.46 ಮಿ.ಮೀ. ನಿಕಾನ್ ಎಫ್ ಮೌಂಟಿಗೆ (ಮೌಂಟು ಅಂದರೆ ಲೆನ್ಸು ಕೂರುವ ಬಾಯಿ) 46.5.

ಅಂದರೆ ಹೆಲಿಯೋಸ್ ಬಯಸುವುದಕ್ಕಿಂತ 1.04 ಮಿ.ಮೀ. ಹಿಂದೆಯೇ ನಿಮ್ಮ ಕ್ಯಾಮೆರಾದ ಸೆನ್ಸರು ಕೂತಿದೆ. ರಿಂಗು ಕಾಗದದಷ್ಟು ತೆಳ್ಳಗಿದ್ದರೂ ಇದು ತಪ್ಪುವುದಿಲ್ಲ. ನಡುವೆ ಮೈನಸ್ ಒಂದು ಮಿಲಿಮೀಟರಿನ ರಿಂಗು ಬೇಕು. ಅಂಥದ್ದನ್ನು ಯಾವ ಲೇಥಿನಲ್ಲೂ ಕಡೆಯಲು ಆಗುವುದಿಲ್ಲ.

ಈಗ ನಿಮ್ಮ ಐದೂವರೆ ಅಡಿಗೆ ಬರೋಣ. ನೀವು ಟೇಪು ಹಿಡಿದು ಅಳೆದಿರಿ ನೋಡಿ, ಅದು ನನಗೆ ಖುಷಿ ಆಯಿತು. ಸುಮ್ನೆ "ಮಂಜು ಮಂಜು" ಅಂದಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ. ಲೆಕ್ಕ ಹೀಗೆ. 58ನ್ನು 58ರಿಂದಲೇ ಗುಣಿಸಿ, 3364. ಅದನ್ನು ಲೆನ್ಸು ಎಷ್ಟು ಮುಂದೆ ಸರಿದಿದೆಯೋ ಅಷ್ಟರಿಂದ ಭಾಗಿಸಿ. ಬಂದದ್ದಕ್ಕೆ ಮತ್ತೆ 58 ಕೂಡಿಸಿ. 1.04 ಮಾತ್ರ ಸರಿದಿದ್ದರೆ 3.3 ಮೀಟರಿನವರೆಗೆ, ಹತ್ತಿರ ಹತ್ತಿರ ಹನ್ನೊಂದು ಅಡಿವರೆಗೆ ಶಾರ್ಪ್ ಸಿಗಬೇಕಿತ್ತು. ನಿಮಗೆ ಸಿಕ್ಕಿದ್ದು ಅದರ ಅರ್ಧ. ಹಾಗಾದರೆ ಲೆನ್ಸು ಎರಡು ಮಿ.ಮೀ. ಚಿಲ್ಲರೆ ಮುಂದಿದೆ. ಇನ್ನೊಂದು ಮಿಲಿಮೀಟರು ಎಲ್ಲಿಂದ ಬಂತು? ರಿಂಗಿನ ಅಂಚೇ ಒಂದು ಮಿ.ಮೀ. ದಪ್ಪ ಇರಬೇಕು. ವರ್ನಿಯರ್ ಸಿಕ್ಕರೆ ಅಳೆದು ಹೇಳಿ. ಸಿಗದಿದ್ದರೆ ಅಕ್ಕಸಾಲಿಗರ ಅಂಗಡಿಗೆ ಹೋಗಿ ಕೇಳಿ.

ಇನ್ನೊಂದು ಪರೀಕ್ಷೆ ಹೇಳುತ್ತೇನೆ. ಅದೇ ರಿಂಗಿಗೆ ಜುಪಿಟರ್ 135 ಹಾಕಿ ನೋಡಿ. ಅದರಲ್ಲಿ ಸುಮಾರು 29 ಅಡಿವರೆಗೆ ಶಾರ್ಪ್ ಬರಬೇಕು. ಬಂದರೆ ಎರಡೂ ಲೆನ್ಸು ಸರಿ, ರಿಂಗೇ ಕಳ್ಳ.

ಗ್ಲಾಸು ಇರುವ ರಿಂಗು ಮಾರುತ್ತಾರೆ, "ಇನ್ಫಿನಿಟಿ ಬರುತ್ತದೆ" ಅಂತ. ಬರುತ್ತದೆ ನಿಜ. ಆದರೆ ಅಗ್ಗದ ರಿಂಗಿನ ಆ ಸಣ್ಣ ಗ್ಲಾಸಿನಿಂದ ಎಫ್ 2ರಲ್ಲಿ ಚಿತ್ರ ಸೋಪಿನ ನೀರಿನ ಹಾಗೆ ಆಗುತ್ತದೆ. ಒಳ್ಳೆಯ ಧಾರವಾಡ ಪೇಡಾಕ್ಕೆ ಡಾಲ್ಡಾ ಸುರಿದ ಹಾಗೆ. ಬೇಡ.

ನಿಮ್ಮ ಒಂಟಿ ನಿಕ್ಕೊರ್ ಇದೆಯಲ್ಲ, ಅದು ಡಿ5600ಗೆ ರಿಂಗಿಲ್ಲದೆ ನೇರ ಕೂರುತ್ತದೆ, ಇನ್ಫಿನಿಟಿಯೂ ಸಿಗುತ್ತದೆ. ಎಫ್ ಮೌಂಟು 1959ರಿಂದ ಅದೇ ಇದೆ. ಆದರೆ 1977ಕ್ಕೆ ಮೊದಲಿನ ಲೆನ್ಸಾದರೆ ಒಂದು ಎಚ್ಚರ. ಡಿ7000ದ ಥರದ ಬಾಡಿಗಳಲ್ಲಿ ಮೌಂಟಿನ ಅಂಚಿಗೆ ಒಂದು ಸಣ್ಣ ನಾಲಿಗೆ ಇರುತ್ತದೆ, ಹಳೇ ಲೆನ್ಸು ಅದನ್ನು ಮುರಿಯಬಹುದು. ಎಫ್ 1.8 ಅಂತ ಬರೆದಿದ್ದೀರಿ, ನಿಮ್ಮದು ಅದರ ಆಮೇಲಿನದು. ಚಿಂತೆ ಬೇಡ.

ಸೋನಿ ಬರಲಿ, ಆಗ ನೋಡಿ ಮಜಾ. ಅದರಲ್ಲಿ ಕನ್ನಡಿಯೇ ಇಲ್ಲ, ಅಂತರ ಬರೀ 18 ಮಿ.ಮೀ. ಎಂ42ಗೆ 27.46 ಮಿ.ಮೀ. ಉದ್ದದ ಕೊಳವೆ ಸಿಗುತ್ತದೆ, ಒಳಗೆ ಗ್ಲಾಸಿಲ್ಲ, ಬರೀ ಗಾಳಿ. ನಿಕಾನ್ ಲೆನ್ಸಿಗೆ 28.5ರ ಕೊಳವೆ. ಪೆಂಟಾಕ್ಸಿಗೂ ಅದೇ 27.46, ಆದರೆ ಬಾಯಿ ಬೇರೆ. ಪೆಂಟಾಕ್ಸಿನವರು 1975ರಲ್ಲಿ ತಿರುಪು ಬಿಟ್ಟು ಕೆ ಮೌಂಟಿಗೆ ಹೋದಾಗ ಅಂತರವನ್ನು ಹಾಗೇ ಉಳಿಸಿಕೊಂಡರು, ಹಳೇ ಗಿರಾಕಿಗಳ ಎಂ42 ಲೆನ್ಸು ಬರೀ ಒಂದು ರಿಂಗಿನಿಂದ ಹೊಸ ಬಾಡಿಗೆ ಕೂರಲಿ ಅಂತ. ಅಂಥ ಬುದ್ಧಿ ಈಗಿನವರಿಗೆ ಕಡಿಮೆ.

ಬೆಟಗೇರಿ_ಮಗ್ಗ:

ಸ್ಕ್ರೂ ಕಾಕಾ (ಹೀಗೆ ಕರೆಯಬಹುದಾ?), ನೀವು ಅಂಗಡಿಯಲ್ಲಿ ಕೂತೇ ನಮ್ಮ ಓಣಿ ಅಳೆದಿರಲ್ಲ! ಲೇಥ್ ಇಟ್ಟಿರುವ ಗೆಳೆಯನ ಹತ್ತಿರ ಹೋಗಿ ವರ್ನಿಯರಿನಲ್ಲಿ ನೋಡಿದೆ. ರಿಂಗಿನ ಅಂಚು ಸರಿಯಾಗಿ ಒಂದು ಮಿ.ಮೀ. ಆಮೇಲೆ ಜುಪಿಟರ್ ಹಾಕಿ ಬಾಗಿಲಲ್ಲಿ ನಿಂತೆ. ಎದುರು ಮನೆಯ ಬಾಗಿಲ ತೋರಣ ಶಾರ್ಪ್, ಅವರ ಪಡಸಾಲೆ ಮಂಜು. ಟೇಪಿನಲ್ಲಿ 28 ಅಡಿ ಬಂತು. ಎದುರು ಮನೆಯ ಅಜ್ಜಿ, "ಏನಪಾ, ರಸ್ತೆ ಅಗಲ ಮಾಡಾಕ ಬಂದಾರೇನು?" ಅಂತ ಗಾಬರಿಯಾದರು.

ಸೋನಿಗೆ ಎಂ42, ಪೆಂಟಾಕ್ಸ್, ನಿಕಾನ್ ಮೂರೂ ಕೊಳವೆ ಆರ್ಡರ್ ಹಾಕಿದೆ.

ಸಾಧನಕೇರಿ_ಮಳೆ:

ಧಾರವಾಡದಿಂದ ಅಕ್ಕನ ನಾಲ್ಕು ಮಾತು. ನಾನು ಫ್ಯೂಜಿಯಲ್ಲಿ ಹೆಲಿಯೋಸ್ ಹಾಕಿ ಐದು ವರ್ಷದಿಂದ ತೆಗೆಯುತ್ತಿದ್ದೇನೆ. ಇದರ ಹೆಸರು ಇರುವುದೇ ಹಿನ್ನೆಲೆ ಸುತ್ತುವುದಕ್ಕೆ. ಮುಖ ಮಧ್ಯದಲ್ಲಿ ನೆಟ್ಟಗೆ, ಹಿಂದಿನ ಎಲೆಗಳೆಲ್ಲ ಸುಳಿಯ ಹಾಗೆ ತಿರುಗುತ್ತವೆ. ಮೂಲ ಜರ್ಮನಿಯ ಜೈಸ್ ಬಯೋಟಾರ್, ಅದನ್ನು ನೋಡಿ ಸೋವಿಯತ್‌ನವರು ಮಾಡಿದ್ದು ಹೆಲಿಯೋಸ್.

ಆದರೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿರಾಸೆ ಆಗಬಾರದು. ಆ ಸುಳಿ ಇರುವುದು ಚಿತ್ರದ ಅಂಚಿನಲ್ಲಿ. ಎ6000ದ ಸೆನ್ಸರು ಫಿಲ್ಮಿಗಿಂತ ಸಣ್ಣದು, ಒಂದೂವರೆ ಪಟ್ಟು ಕತ್ತರಿಸುತ್ತದೆ. 58ರ ಲೆನ್ಸು 87ರ ಹಾಗೆ ಕಾಣುತ್ತದೆ, ಸುಳಿಯ ಜಾಸ್ತಿ ಭಾಗ ಹೊರಗೇ ಉಳಿಯುತ್ತದೆ. ನನ್ನ ಫ್ಯೂಜಿಯಲ್ಲೂ ಅದೇ ಗತಿ. ಸ್ವಲ್ಪವಾದರೂ ಬೇಕಾದರೆ ಎಫ್ 2ರಲ್ಲೇ ಇಡಿ, ಮನುಷ್ಯರನ್ನು ಐದಾರು ಅಡಿ ದೂರ ನಿಲ್ಲಿಸಿ, ಅವರ ಹಿಂದೆ ಇಪ್ಪತ್ತು ಮೂವತ್ತು ಅಡಿ ಬಿಟ್ಟು ಬೇವೋ ಹುಣಸೆಯೋ ಇರಲಿ. ಎಲೆಗಳ ಸಂದಿಯಿಂದ ಆಕಾಶ ಇಣುಕಬೇಕು. ಬರೀ ಗೋಡೆ ಇದ್ದರೆ ಏನೂ ಸುತ್ತುವುದಿಲ್ಲ. ಅಂಚಿಗೆ ಹೋದ ಹಾಗೆ ಲೆನ್ಸಿನ ಕೊಳವೆಯೇ ಬೆಳಕನ್ನು ಅರ್ಧ ಮುಚ್ಚುತ್ತದೆ. ದುಂಡಗಿನ ಬೆಳಕಿನ ಚುಕ್ಕಿ ಬೆಕ್ಕಿನ ಕಣ್ಣಿನ ಹಾಗೆ ಉದ್ದ ಆಗಿ, ಎಲ್ಲವೂ ಮಧ್ಯದ ಸುತ್ತ ಸಾಲು ನಿಲ್ಲುತ್ತವೆ. ಸುಳಿ ಅನ್ನುವುದು ಅದನ್ನೇ.

ಫೋಕಸ್ ವಿಷಯ. ಸೋನಿಯಲ್ಲಿ ಶಾರ್ಪ್ ಆದ ಅಂಚಿಗೆ ಬಣ್ಣ ಬಳಿದು ತೋರಿಸುವ ಪೀಕಿಂಗ್ ಇದೆ. ಬಹಳ ಚಂದ, ಬಹಳ ಸುಳ್ಳು. ಎಫ್ 2ರಲ್ಲಿ ಕಣ್ಣಿಗೂ ಬಣ್ಣ, ಕಿವಿಗೂ ಬಣ್ಣ ಬರುತ್ತದೆ. ಮನೆಗೆ ಬಂದು ನೋಡಿದರೆ ಶಾರ್ಪ್ ಇರುವುದು ಮೂಗುತಿ. ಪರದೆ ದೊಡ್ಡದು ಮಾಡಿ ನೋಡುವ ಬಟನ್ನು ಒಂದು ಇಟ್ಟುಕೊಳ್ಳಿ, ಅದನ್ನೇ ನಂಬಿ. ಇನ್ನೊಂದು, ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಕ್ಲಿಕ್ ಆಗಲಿ ಅನ್ನುವ ಆಯ್ಕೆ ಆನ್ ಮಾಡಬೇಕು. ಇಲ್ಲದಿದ್ದರೆ ಕ್ಯಾಮೆರಾ "ಲೆನ್ಸೇ ಇಲ್ಲ" ಅಂತ ಮುನಿಸಿಕೊಂಡು ಕೂರುತ್ತದೆ. ನಾನು ಮೊದಲ ದಿನ ಕೆಲಗೇರಿ ಕೆರೆ ದಂಡೆಯಲ್ಲಿ ಇದಕ್ಕೇ ಒಂದು ತಾಸು ಕಳೆದೆ. ಸೂರ್ಯ ಮುಳುಗಿಯೇ ಹೋದ.

ಟ್ರಂಕಿನಿಂದ ತೆಗೆದ ಮೇಲೆ ಪ್ರತಿ ಲೆನ್ಸನ್ನೂ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯ ಥರ ಎಳೆ ಕಂಡರೆ ಫಂಗಸ್. ನಮ್ಮ ಧಾರವಾಡದ ಮಳೆಗೆ ಇದು ಸಾಮಾನ್ಯ, ನನ್ನ ಒಂದು ಲೆನ್ಸು ಆಷಾಢ-ಶ್ರಾವಣದ ಎರಡು ತಿಂಗಳಲ್ಲೇ ಹೋಯಿತು. ಗದಗದ ಒಣ ಹವೆ ನಿಮ್ಮ ಪುಣ್ಯ. ಆದರೂ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ನೀಲಿ ಹರಳು ಗುಲಾಬಿ ಆದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ. ರೊಟ್ಟಿ ಹಂಚು ಬೇಡ, ಬೇರೆಯದೇ ಇರಲಿ.

ಬ್ಯಾಡಗಿ_ಖಾರ:

ಅಡ್ಡ ಬಾಯಿ ಹಾಕುತ್ತಿದ್ದೇನೆ. ಸೋನಿಯೇ ಬೇಕಂತಿಲ್ಲ. ಕ್ಯಾನನ್ ಇಎಫ್ ಮೌಂಟಿನ ಅಂತರ 44 ಮಿ.ಮೀ. ಎಂ42ಕ್ಕೆ ಅಲ್ಲಿ 1.46 ಮಿ.ಮೀ. ಜಾಗ ಉಳಿಯುತ್ತದೆ, ತೆಳ್ಳನೆಯ ರಿಂಗು ಸಾಕು, ಇನ್ಫಿನಿಟಿ ಬರುತ್ತದೆ. ನಿಕಾನ್ ಲೆನ್ಸೂ ಕ್ಯಾನನ್‌ಗೆ ಕೂರುತ್ತದೆ, ಉಲ್ಟಾ ಆಗುವುದಿಲ್ಲ. ನನ್ನ ಹಳೇ 1200ಡಿಯಲ್ಲಿ ಮೆಣಸಿನಕಾಯಿ ರಾಶಿಯೆಲ್ಲ ಇದೇ ಹೆಲಿಯೋಸಿನಲ್ಲಿ ತೆಗೆದದ್ದು. ಆ ಕೆಂಪು ಈ ಲೆನ್ಸಿನಲ್ಲಿ ಸ್ವಲ್ಪ ಮಾಸಿದ ಹಾಗೆ ಬರುತ್ತದೆ, ನನಗೆ ಅದೇ ಇಷ್ಟ. 5ಡಿ ಥರದ ದೊಡ್ಡ ಸೆನ್ಸರಿನ ಬಾಡಿ ಇದ್ದವರು ಮಾತ್ರ ಹುಷಾರು. ಒಳಗಿನ ದೊಡ್ಡ ಕನ್ನಡಿ ಕೆಲವು ಹಳೇ ಲೆನ್ಸಿನ ಹಿಂಭಾಗಕ್ಕೆ ಬಡಿಯುತ್ತದೆ.

ಹಳೇಹುಬ್ಬಳ್ಳಿ_ಸ್ಕ್ರೂ:

ಕಾಕಾ ಅನ್ನಿ, ಅಡ್ಡಿಯಿಲ್ಲ.

ಸಾಧನಕೇರಿ ಅಕ್ಕಾವರು ಹೇಳಿದ್ದೆಲ್ಲ ಸರಿ. ಹೋಲಿಸುವ ಮಾತಿಗೆ ನಾನು ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಇದರಲ್ಲಿ ಎಲ್ಲರೂ ಜಾರಿ ಬೀಳುತ್ತಾರೆ. ಬೆಳಿಗ್ಗೆ ಒಂದು ಲೆನ್ಸು, ಮಧ್ಯಾಹ್ನ ಒಂದು ಲೆನ್ಸು ಹಾಕಿ "ಇದರ ಬಣ್ಣ ಬೆಚ್ಚಗಿದೆ, ಅದರದು ತಣ್ಣಗಿದೆ" ಅನ್ನುತ್ತಾರೆ. ಬೆಚ್ಚಗಾಗಿದ್ದು ಸೂರ್ಯ, ಲೆನ್ಸಲ್ಲ! ಒಂದೇ ಜಾಗ, ಒಂದೇ ಬೆಳಕು, ಹತ್ತು ನಿಮಿಷದೊಳಗೆ ಎಲ್ಲ ಮುಗಿಯಬೇಕು. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾ ಮಾಡುವ ಹೊಂದಾಣಿಕೆ) ಆಟೋದಲ್ಲಿ ಬೇಡ, ಒಂದಕ್ಕೆ ಕಟ್ಟಿಹಾಕಿ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಕಚ್ಚಾ ಫೈಲು) ತೆಗೆಯಿರಿ. ಸ್ಟ್ಯಾಂಡ್ ಮೇಲೆ ಇಟ್ಟು ಎರಡು ಸೆಕೆಂಡಿನ ಟೈಮರ್ ಹಾಕಿ. ಗೋಡೆಗೆ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ, ಅಕ್ಷರ ಎಲ್ಲಿ ಒಡೆಯುತ್ತದೆ ನೋಡಿ. ವಧು-ವರ ಬೇಕಾಗಿದ್ದಾರೆ ಪುಟ ಒಳ್ಳೆಯದು, ಅಕ್ಷರ ಸಣ್ಣದು.

58ಕ್ಕೂ 50ಕ್ಕೂ ಅಳತೆ ಬೇರೆ. ಹೆಲಿಯೋಸ್ ಹಾಕಿದಾಗ ಅರ್ಧ ಹೆಜ್ಜೆ ಹಿಂದೆ ಸರಿದು ಚೌಕಟ್ಟು ಒಂದೇ ಮಾಡಿಕೊಳ್ಳಿ. 135ನ್ನು ಈ ಪಂಗ್ತಿಯಲ್ಲಿ ಕೂರಿಸಬೇಡಿ, ಅದರ ಊಟವೇ ಬೇರೆ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬಂದಾಗ ಒಯ್ಯಿರಿ. ಒಂದು ಹಕ್ಕಿಗೆ ಸಾಲುವುದಿಲ್ಲ, ಹಿಂಡಿಗೆ ಸಾಕು.

ಹೆಲಿಯೋಸ್ 44-2ರ ಮುಂದೆ ಎರಡು ರಿಂಗು ಇವೆ, ಎರಡರಲ್ಲೂ ಸಂಖ್ಯೆ ಹುಡುಕಬೇಡಿ. ಒಂದರಲ್ಲಿ ಎಫ್ ಸಂಖ್ಯೆ ಗೊತ್ತು ಮಾಡುತ್ತೀರಿ. ಇನ್ನೊಂದು ಟಕ್ ಟಕ್ ಇಲ್ಲದೆ ನುಣ್ಣಗೆ ತಿರುಗುತ್ತದೆ, ತೆರೆಯುವುದು ಮುಚ್ಚುವುದು ಅದರಿಂದ. ತೆರೆದು ಫೋಕಸ್ ಮಾಡಿ, ಮುಚ್ಚಿ ಕ್ಲಿಕ್ ಮಾಡಿ. ನಿಮ್ಮ ಕಾಕಾ ಹಾಗೇ ಮಾಡುತ್ತಿದ್ದರು, ಕಣ್ಣು ತೆಗೆಯದೆ.

ಸೋನಿಯಲ್ಲಿ ಎ ಮೋಡ್ ಹಾಕಿದರೆ ಬೆಳಕಿನ ಲೆಕ್ಕ ಕ್ಯಾಮೆರಾ ಮಾಡುತ್ತದೆ, ನಿಕಾನ್‌ನ ಹಾಗೆ ಕಣ್ಣು ಮುಚ್ಚಿಕೊಂಡು ಕೂರುವುದಿಲ್ಲ.

ಬೆಟಗೇರಿ_ಮಗ್ಗ:

ಕೊಳವೆಗಳು ಬಂದವು. ರವಿವಾರ ನಸುಕಿಗೆ ಲಕ್ಕುಂಡಿಗೆ ಹೋದೆ. ಮೊದಲು ಕಾಶಿವಿಶ್ವೇಶ್ವರ ಗುಡಿ. ಪುರಾತತ್ವ ಇಲಾಖೆಯ ಜಾಗದಲ್ಲಿ ಸ್ಟ್ಯಾಂಡಿಗೆ ಅನುಮತಿ ಬೇಕು, ಅದು ನನಗೆ ಹೊಳೆದೇ ಇರಲಿಲ್ಲ. ಸ್ಟ್ಯಾಂಡು ಗಾಡಿಯಲ್ಲೇ ಬಿಟ್ಟು ಕೈಯಲ್ಲೇ ಹಿಡಿದೆ.

ಮೊದಲು ಹೊರಗೆ. ಎದುರು ಬದುರು ಎರಡು ಗರ್ಭಗುಡಿ, ಅದರ ಬಾಗಿಲ ಸುತ್ತಿನ ಸಣ್ಣ ಕೆತ್ತನೆ. ಹೆಲಿಯೋಸನ್ನು ಇನ್ಫಿನಿಟಿಗೆ ತಂದು ದೂರದ ತೆಂಗಿನ ಮರಕ್ಕೆ ಹಿಡಿದೆ. ಗರಿ ಗರಿ ಕಂಡಿತು! ಕೂಗಿಯೇಬಿಟ್ಟೆ. ಗುಡಿಯ ಕಾವಲಿನವರು ತಿರುಗಿ ನೋಡಿದರು. ನಿಜ ಹೇಳಬೇಕೆಂದರೆ ಇನ್ಫಿನಿಟಿ ಗುರುತಿಗಿಂತ ಕೂದಲೆಳೆ ಮೊದಲೇ ಶಾರ್ಪ್ ಆಗುತ್ತದೆ, ಕೊನೆತನಕ ತಿರುಗಿಸಿದರೆ ಮತ್ತೆ ಮಸುಕು. ಇದು ಸರಿಯಾ ಕಾಕಾ?

ಆಮೇಲೆ ಒಳಗೆ. ಕಡೆದ ಕಂಬಗಳು, ಬಾಗಿಲಿನಿಂದ ಬರುವ ಒಂದೇ ಬೆಳಕು. ಮೂರೂ ಲೆನ್ಸಿನಲ್ಲಿ ತೆಗೆದೆ. ಮನೆಗೆ ಬಂದು ನೋಡಿದರೆ ಹೆಲಿಯೋಸಿನದು ಎಲ್ಲ ಅಲುಗಿದ ಹಾಗೆ. ಪೆಂಟಾಕ್ಸು, ನಿಕ್ಕೊರ್ ಪರವಾಗಿಲ್ಲ. ಹೆಲಿಯೋಸ್ ಕೆಟ್ಟದ್ದಾ, ಅಥವಾ ನನ್ನ ಕೈಯಾ?

ಹಳೇಹುಬ್ಬಳ್ಳಿ_ಸ್ಕ್ರೂ:

ಇನ್ಫಿನಿಟಿ ಮೊದಲೇ ಬಂದರೆ ಒಳ್ಳೆಯದೇ. ಕೊಳವೆ ಮಾಡುವವರು ಬೇಕಂತಲೇ ಒಂದು ಎಳೆ ಗಿಡ್ಡ ಕಡೆಯುತ್ತಾರೆ. ಉದ್ದ ಆದರೆ ಇನ್ಫಿನಿಟಿಯೇ ಸಿಗದೆ ನಿಮ್ಮ ಮೊದಲ ರಿಂಗಿನ ಗತಿ. ಲೆನ್ಸಿನ ಮೇಲಿನ ಅಡಿ ಮೀಟರ್ ಗುರುತು ನಂಬಬೇಡಿ, ಪರದೆ ನಂಬಿ. ಲಕ್ಕುಂಡಿಯ ಬಳಪದ ಕಲ್ಲಿನ ಕಂಬ ಚಕ್ರಕ್ಕೆ ಹಾಕಿ ಕಡೆದ ಹಾಗೆ ಇವೆಯಲ್ಲ. ಒಂದು ಮಿಲಿಮೀಟರು ಅಂದರೇನು ಅಂತ ಆ ಕಲ್ಲುಕುಟಿಗರಿಗೆ ಗೊತ್ತಿತ್ತು, ನಾನೂರೈವತ್ತರ ರಿಂಗು ಮಾಡಿದವನಿಗೆ ಗೊತ್ತಿರಲಿಲ್ಲ.

ಅಲುಗಿದ್ದಕ್ಕೆ: ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೋದಲ್ಲಿ ಇತ್ತಲ್ಲವೇ? ಹಳೇ ಲೆನ್ಸಿನಿಂದ ಎ6000ಗೆ ಯಾವ ಸುದ್ದಿಯೂ ಹೋಗುವುದಿಲ್ಲ. 58 ಹಾಕಿದ್ದೀರೋ 135 ಹಾಕಿದ್ದೀರೋ ಅದಕ್ಕೆ ತಿಳಿಯದು, ಶಟರ್ 1/60 ಸೆಕೆಂಡಿಗೆ ಬಂದು ನಿಲ್ಲುತ್ತದೆ. ಬಾಡಿಯೊಳಗೆ ಅಲುಗಾಟ ತಡೆಯುವುದೂ ಇಲ್ಲ. ಫೈಲಿನ ವಿವರ ತೆಗೆದು ನೋಡಿ. ಎಂ ಮೋಡಿನಲ್ಲಿ 1/125 ಇಟ್ಟು, ಐಎಸ್‌ಒ ಮಾತ್ರ ಆಟೋ ಬಿಡಿ.

ಬೆಟಗೇರಿ_ಮಗ್ಗ:

ನೋಡಿದೆ. ಎಲ್ಲವೂ 1/60. ನನ್ನದೇ ತಪ್ಪು. ಹೆಲಿಯೋಸ್ ಕೊನೆಗೆ ಹಾಕಿದ್ದು, ಆಗ ಕೈಯೂ ಸೋತಿತ್ತು. ಪಾಪ, ಅದರ ಮೇಲೆ ಹಾಕಿಬಿಟ್ಟೆ.

ಸೋಮವಾರ ಸಂಜೆ ಮನೆಯಲ್ಲೇ ವಧು-ವರ ಪುಟ ಅಂಟಿಸಿ, ಸ್ಟ್ಯಾಂಡ್ ಹಾಕಿ ಸರಿಯಾಗಿ ಮಾಡಿದೆ. ಎಫ್ 5.6ರಲ್ಲಿ ಮೂರರ ನಡುಭಾಗವನ್ನು ಹೆಂಡತಿಗೆ ತೋರಿಸಿ "ಯಾವುದು ಯಾವುದು ಹೇಳು" ಅಂದೆ. ಅವಳಿಗೂ ತಿಳಿಯಲಿಲ್ಲ, ಫೈಲಿನ ಹೆಸರು ನೋಡದೆ ನನಗೂ ತಿಳಿಯಲಿಲ್ಲ. ಅವಳು ಅದರಲ್ಲಿ ತನ್ನ ತಮ್ಮನಿಗೆ ಒಂದು ಸಂಬಂಧ ಮಾತ್ರ ಗುರುತು ಹಾಕಿಕೊಂಡಳು. ಎಫ್ 2ರಲ್ಲಿ ಗೊತ್ತಾಗುತ್ತದೆ. ಹೆಲಿಯೋಸಿನ ಮೂಲೆ ಮೆತ್ತಗೆ. ಕಿಟಕಿಯ ಬೆಳಕು ಎದುರಿಗೆ ಬಂದರೆ ಇಡೀ ಚಿತ್ರ ತೆಳುವಾಗುತ್ತದೆ. ಪೆಂಟಾಕ್ಸಿನ ಕಪ್ಪು ಅದೇ ಕಿಟಕಿಗೆ ಕಪ್ಪಾಗಿಯೇ ಉಳಿಯುತ್ತದೆ. ನಿಕ್ಕೊರ್ ಎಲ್ಲದರಲ್ಲೂ ಶಾಣ್ಯಾ ಹುಡುಗ, ತಪ್ಪೂ ಇಲ್ಲ, ತಮಾಷೆಯೂ ಇಲ್ಲ.

ಮಂಗಳವಾರ ಕಾಕು ಬಂದಿದ್ದರು. ಹಿತ್ತಲಿನಲ್ಲಿ ಬೇವಿನ ಮರ ಹಿಂದೆ ಬರುವ ಹಾಗೆ ಕೂರಿಸಿ ಹೆಲಿಯೋಸಿನಲ್ಲಿ ಎರಡು ತೆಗೆದೆ. ಸಾಧನಕೇರಿ ಅಕ್ಕಾವರು ಹೇಳಿದ ಸುಳಿ ಸ್ವಲ್ಪವೇ ಬಂತು, ಬಂತು. ಕಾಕು ಪರದೆ ನೋಡಿ ಏನೂ ಹೇಳಲಿಲ್ಲ. ಆಮೇಲೆ ಚಹಾ ಕುಡಿಯುತ್ತಾ, "ನಿಮ್ಮ ಕಾಕಾ ಊರ ಮಂದೀದೆಲ್ಲ ಫೋಟೋ ತಗದ್ರು, ನಂದು ಒಂದೂ ಇಲ್ಲ" ಅಂದರು. ಇಡೀ ಟ್ರಂಕು ಹುಡುಕಿದೆ. ನಿಜವಾಗಿಯೂ ಇಲ್ಲ.

ಪೆಂಟಾಕ್ಸ್ ಮಾರೋಣ ಅಂತಿದ್ದೆ. ಈಗ ಯಾವುದನ್ನೂ ಮಾರುವುದಿಲ್ಲ. ಸೆಕೆಂಡ್ ಹ್ಯಾಂಡ್ ಎ6000 ಎಲ್ಲಾದರೂ ಇದ್ದರೆ ಹೇಳಿರಿ.

ಕಡೆಯ ಪ್ರಶ್ನೆ. ಆ ಯಾಶಿಕಾ ಎಲೆಕ್ಟ್ರೋ 35 ಇದೆಯಲ್ಲ, ಅದರ ಲೆನ್ಸು ಬಿಚ್ಚಿ ಸೋನಿಗೆ ಹಾಕಬಹುದಾ? 45 ಎಂ.ಎಂ., ಎಫ್ 1.7.

ಕೊಪ್ಪೀಕರ್‌ರೋಡ್_ಕ್ಲಿಕ್:

ಕಾಕುನ ಫೋಟೊ ಇಲ್ಲಿ ಹಾಕು ತಮ್ಮಾ. ನನ್ನ ಹತ್ತಿರ ಒಂದು ಎ6000 ಇದೆ, ಸ್ಟಾಫ್ ಹುಡುಗ ಬಿಟ್ಟು ಹೋದ ಮೇಲೆ ಯಾರೂ ಮುಟ್ಟಿಲ್ಲ. ದುರ್ಗದಬೈಲಿಗೆ ಬಂದಾಗ ಫೋನ್ ಮಾಡು, ಗಿರ್ಮಿಟ್ ತಿಂದು ರೇಟು ಮಾತಾಡೋಣ.

ಹಳೇಹುಬ್ಬಳ್ಳಿ_ಸ್ಕ್ರೂ:

ಯಾಶಿಕಾ ಬಿಚ್ಚಬೇಡಿ! ಅದರ ಲೆನ್ಸಿನ ಒಳಗೇ ಶಟರ್ ಇದೆ, ಬಾಡಿಗೆ ಅದು ಅಂಟಿಕೊಂಡೇ ಹುಟ್ಟಿದ್ದು. ಕಿತ್ತರೆ ಎರಡೂ ಹೋಗುತ್ತವೆ. ಫಿಲ್ಮ್ ಎಳೆಯುವ ಕಡ್ಡಿ ತಿರುಗಿಸಿದಾಗ ಒಳಗೆ "ಟಕ್" ಅಂತ ದಪ್ಪ ಸದ್ದು ಬರುತ್ತದೆಯಾ ನೋಡಿ. ಬಂದರೆ ಒಳಗಿನ ರಬ್ಬರು ಇನ್ನೂ ಇದೆ, ಕ್ಯಾಮೆರಾ ಬದುಕಿದೆ. ಅದರ ಮೂಲ ಬ್ಯಾಟರಿ 5.6 ವೋಲ್ಟಿನ ಪಾದರಸದ್ದು, ಈಗ ಸಿಗುವುದಿಲ್ಲ. 6 ವೋಲ್ಟಿನ 4ಎಲ್‌ಆರ್44 ತಂದು, ಜಾಗ ತುಂಬಲು ಹಿಂದೆ ಒಂದು ಸ್ಪ್ರಿಂಗ್ ಇಟ್ಟು ಹಾಕಿ. ಹಸಿರು ದೀಪ ಹತ್ತಿದರೆ ಒಂದು ರೋಲ್ ಫಿಲ್ಮ್ ತನ್ನಿ. ಹಾಕುವುದು ಹೇಗೆ ಅಂತ ನಾನು ತೋರಿಸುತ್ತೇನೆ.